ಮೊದಲು ಮಾತಾಡಬೇಕಾದವನು

ನದಿ ದಂಡೆಯ ಆ ವಿದ್ಯಾಪೀಠವನ್ನು ಐವರ ಸಭೆ ನಡೆಸುತ್ತಿತ್ತು. ಗುರು ದೇವರಾಶಿಗಳು ಸಭೆಯ ಹಿರಿಯರು. ಅವರ ಶಿಷ್ಯ ಕೇತ ಎಲ್ಲರಿಗಿಂತ ಕಿರಿಯ.

ಸಭೆಗೆ ಹಳೆಯದೊಂದು ನಿಯಮವಿತ್ತು. ಯಾವ ವಿಷಯ ಬಂದರೂ ಕಿರಿಯವನು ಮೊದಲು ಮಾತಾಡಬೇಕು. ಗುರುಗಳು ಕೊನೆಗೆ.

ಸಭೆಗೆ ಸೇರಿದ ದಿನ ಕೇತ ಕೇಳಿದ್ದ: "ಗುರುಗಳೇ, ತಿಳಿದವರು ಮೊದಲು ಹೇಳಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ?"

"ಮುಗಿಯುತ್ತದೆ," ಎಂದರು ಗುರುಗಳು. "ನಾನು ಬಾಯಿ ತೆರೆದ ಮೇಲೆ ಉಳಿದವರು ತಲೆಯಾಡಿಸಿ ಊಟಕ್ಕೆ ಹೋಗಬಹುದು."

ಕೇತ ನಕ್ಕ. ನಿಯಮ ಅರ್ಥವಾಯಿತು ಎಂದುಕೊಂಡ.

ಮಳೆಗಾಲಕ್ಕೆ ಮುಂಚೆ ಸಭೆಯ ಮುಂದೆ ಒಂದು ವಿಷಯ ಬಂತು. ವಿದ್ಯಾರ್ಥಿಗಳು ಮಲಗುವ ಸಾಲುಮನೆಯಲ್ಲಿ ಹೊಳೆ ಕಡೆಯ ಗೋಡೆ ಬಿರುಕು ಬಿಟ್ಟಿತ್ತು. ಅವರಿಗೆ ಬೇರೆ ಜಾಗವಿರಲಿಲ್ಲ. ಪಾಠ ನಿಲ್ಲಿಸಿ ಎಲ್ಲರನ್ನೂ ಊರಿಗೆ ಕಳಿಸಬೇಕೇ, ಅಥವಾ ಮಳೆ ಮುಗಿದ ಮೇಲೆ ದುರಸ್ತಿ ಮಾಡಿಸಿದರೆ ಸಾಕೇ?

ಕೇತ ಇದ್ದದ್ದೂ ಅದೇ ಸಾಲುಮನೆಯಲ್ಲಿ. ಅವನು ಬಿರುಕಿಗೆ ಅಡ್ಡವಾಗಿ ಒಂದು ಪಟ್ಟಿ ಗಾರೆ ಮೆತ್ತಿದ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾರೆ ಬಿರಿಯುತ್ತದೆ. ಸುಮ್ಮನೆ ಒಣಗಿಯೂ ಬಿರಿಯಬಹುದು. ಅದಕ್ಕೇ ಬಿರುಕಿಲ್ಲದ ಪಕ್ಕದ ಗೋಡೆಗೂ ಅಷ್ಟೇ ಗಾರೆಯನ್ನು ಅಷ್ಟೇ ದಪ್ಪ ಮೆತ್ತಿದ.

ಸಿಂಗ ಎಂಬ ವಿದ್ಯಾರ್ಥಿ ಹಿಂದೆ ನಿಂತು ನೋಡುತ್ತಿದ್ದ.

"ಗೋಡೆಗೆ ಹುಣ್ಣಾಗಿದೆಯಾ ಕೇತಣ್ಣ? ಮದ್ದು ಹಚ್ತಾ ಇದ್ದೀರಿ."

"ಹುಣ್ಣು ಮಾಯುತ್ತಿದೆಯೋ ಬೆಳೆಯುತ್ತಿದೆಯೋ ನೋಡಬೇಕು."

"ಉಳಿದಿದ್ದನ್ನ ಮಾಚಯ್ಯನವರ ಸಾರಿಗೆ ಹಾಕಿ. ಸ್ವಲ್ಪ ಗಟ್ಟಿಯಾದರೂ ಆಗಲಿ."

ಮಾಚಯ್ಯನವರು ಅಡುಗೆಮನೆಯ ಮುಖ್ಯಸ್ಥರು, ಸಭೆಯಲ್ಲೂ ಇದ್ದರು. ಕೇತ ಸಿಂಗನ ಕಡೆ ಒಂದು ಚಿಟಿಕೆ ಗಾರೆ ಎಸೆದ.

ಸಭೆಯ ಹಿಂದಿನ ದಿನ ಬೆಳಿಗ್ಗೆ ಬಿರುಕಿನ ಮೇಲಿನ ಗಾರೆ ಎರಡು ತುಂಡಾಗಿತ್ತು. ಪಕ್ಕದ ಗೋಡೆಯದು ಇದ್ದ ಹಾಗೇ ಇತ್ತು.

ಆ ಸಂಜೆ ಕೇತ ಗುರುಗಳ ಬಳಿ ಹೋದ. ಅವರು ನದಿಯ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದರು.

"ಗುರುಗಳೇ, ಗೋಡೆಯ ವಿಷಯದಲ್ಲಿ ತಮಗೇನನ್ನಿಸುತ್ತದೆ?"

"ಹಳೆಯ ಕಾಲದ ಗೋಡೆ. ಇದೊಂದು ಮಳೆಗಾಲ ತಡೆದೀತು."

ಕೇತ ಗಾರೆಯ ಮಾತು ಎತ್ತಲಿಲ್ಲ. ನಮಸ್ಕರಿಸಿ ಬಂದುಬಿಟ್ಟ.

ಮರುದಿನ ಸಭೆ ಸೇರಿತು. ನಿಯಮದಂತೆ ಕೇತ ಮೊದಲು ಮಾತಾಡಿದ.

"ಇದೊಂದು ಮಳೆಗಾಲ ತಡೆಯುತ್ತದೆ."

"ಅದರ ಪಕ್ಕ ಮಲಗುವವನೇ ಹೇಳುತ್ತಿದ್ದಾನೆ," ಎಂದರು ಮಾಚಯ್ಯ. "ಒಲೆ ಮುಂದೆ ಕೂರುವ ನಾನೇನು ಹೇಳಲಿ? ಒಪ್ಪಿಗೆ."

ವೈದ್ಯರೂ ಒಪ್ಪಿದರು. ಗ್ರಂಥ ಭಂಡಾರ ನೋಡಿಕೊಳ್ಳುವವರೂ ಒಪ್ಪಿದರು.

ಗುರುಗಳು ಕೊನೆಗೆ ಹೇಳಿದರು: "ನನಗೆ ಸ್ವಲ್ಪ ಅನುಮಾನವಿತ್ತು. ನಾಲ್ವರೂ ಒಂದೇ ಮಾತು ಹೇಳಿದ ಮೇಲೆ ಸರಿ."

ಪುನರ್ವಸು ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಗೋಡೆ ಬಿತ್ತು. ಎಲ್ಲರೂ ಪಾಠದಲ್ಲಿದ್ದರು. ಸಿಂಗನಿಗೆ ಮಾತ್ರ ಜ್ವರ. ಒಳಗೆ ಮಲಗಿದ್ದ.

ಕಲ್ಲುಗಳನ್ನು ಕೈಯಲ್ಲೇ ಎತ್ತಿ ಹಾಕಿದರು. ಅವನು ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡಿದ್ದ.

ಆಚೆ ದಡದಿಂದ ಅವನ ತಾಯಿ ಕಾಳವ್ವ ಹರಿಗೋಲಿನಲ್ಲಿ ಬಂದಳು. ಮಣ್ಣು ಮಾಡಿ ಮುಗಿದ ಮೇಲೂ ಹಿಂದಿರುಗಲಿಲ್ಲ. ಸಭೆಯ ಐವರ ಮುಂದೆ ಬಂದು ನಿಂತಳು.

"ಗೋಡೆ ಬಿರುಕು ಬಿಟ್ಟಿದ್ದು ನಿಮಗೆ ಗೊತ್ತಿರಲಿಲ್ಲವಾ ಸ್ವಾಮಿ?"

"ಗೊತ್ತಿತ್ತು ತಾಯಿ," ಎಂದರು ಮಾಚಯ್ಯ. "ತಡೆಯುತ್ತದೆ ಅಂತ ಸಭೆ ತೀರ್ಮಾನ ಮಾಡಿತು."

"ಸಭೆ ಅಂದರೆ ಯಾರು?"

"ನಾವು ಐವರೂ."

"ಐದು ಜನರ ಬಾಯಲ್ಲಿ ಒಟ್ಟಿಗೆ ಬರಲ್ಲ ಮಾತು. ಯಾರೋ ಒಬ್ಬರು ಮೊದಲು ಅಂದಿರಬೇಕಲ್ಲ. ಅವರನ್ನ ನಾನು ನೋಡಬೇಕು."

ಕೇತ ನೆಲ ನೋಡುತ್ತಿದ್ದ.

"ಎಲ್ಲಾ ನಿಯಮದ ಪ್ರಕಾರವೇ ನಡೆದಿದೆಯಮ್ಮ," ಎಂದರು ಮಾಚಯ್ಯ.

"ನನ್ನ ಮಗ ನಿಯಮದ ಪ್ರಕಾರ ಸತ್ತನಾ?"

ಅವಳು ಹೋಗಿ ನದಿಯ ಮೆಟ್ಟಿಲ ಮೇಲೆ ಕೂತಳು. ಮೊದಲು ಅಂದವರು ಯಾರೆಂದು ಹೇಳುವವರೆಗೆ ಏಳುವುದಿಲ್ಲ ಎಂದಳು. ಕೊಟ್ಟ ಊಟ ಮುಟ್ಟಲಿಲ್ಲ.

ಮರುದಿನ ಗುರುಗಳು ಕೇತನನ್ನು ಬಿದ್ದ ಗೋಡೆಯ ಬಳಿ ಕರೆಸಿದರು. ಅವರ ಕೈಯಲ್ಲಿ ಗಾರೆಯ ತುಂಡೊಂದಿತ್ತು. ಅದರ ಜೋಡಿ ಪಟ್ಟಿ, ನಿಂತಿದ್ದ ಪಕ್ಕದ ಗೋಡೆಯ ಮೇಲೆ ಇನ್ನೂ ಇಡಿಯಾಗಿತ್ತು.

"ಇದೇನು ಕೇತ?"

ಕೇತ ಎಲ್ಲವನ್ನೂ ಹೇಳಿದ.

"ಯಾವಾಗ ಬಿರಿಯಿತು?"

"ಸಭೆಯ ಹಿಂದಿನ ದಿನ. ಬೆಳಿಗ್ಗೆ."

"ಸಂಜೆ ನೀನು ನನ್ನ ಹತ್ತಿರ ಬಂದೆ."

"ಬಂದೆ."

"ನಾನು ಆ ಗೋಡೆಯನ್ನು ನೋಡಿರಲೇ ಇಲ್ಲ."

ಕೇತ ತಲೆ ಎತ್ತಿದ.

"ನೀನು ಕೇಳಿದೆ. ನಾನು ಬಾಯಿಗೆ ಬಂದದ್ದನ್ನು ಹೇಳಿದೆ," ಎಂದರು ಗುರುಗಳು. "ಮರುದಿನ ನೀನು ಹೇಳಿದಾಗ, ಇವನು ನೋಡಿ ಹೇಳುತ್ತಿದ್ದಾನೆ ಎಂದುಕೊಂಡೆ. ನನ್ನ ಮಾತೇ ನಾಲ್ಕು ಬಾಯಿ ಸುತ್ತಿ ನನ್ನ ಹತ್ತಿರ ಬಂತು. ನಾನು ಅದನ್ನು ನಂಬಿದೆ."

"ತಾವು ತಡೆಯುತ್ತದೆ ಎಂದಿರಿ. ನನ್ನ ಗಾರೆಯೇ ಸರಿಯಿಲ್ಲವೇನೋ ಅನ್ನಿಸಿತು."

"ಪಕ್ಕದ ಗೋಡೆಗೂ ಮೆತ್ತಿದ್ದೆಯಲ್ಲ."

ಕೇತ ಮೆಲ್ಲಗೆ ಹೇಳಿದ: "ತಮ್ಮ ಮಾತಿಗೆ ಎದುರಾಗಿ ಮಾತಾಡಲು ಭಯವಾಯಿತು."

"ನೀನು ಮೊದಲು ಮಾತಾಡಬೇಕಿತ್ತು. ಸಭೆಯಲ್ಲಿ ನಾನಿನ್ನೂ ಮಾತಾಡಿರದಾಗ ಅದು ನನ್ನ ಮಾತಿಗೆ ಎದುರು ಹೇಗಾಗುತ್ತದೆ?"

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಬಿದ್ದ ಕಲ್ಲುಗಳ ನಡುವೆ ಸಿಂಗನ ಕಂಬಳಿಯ ತುದಿ ಇನ್ನೂ ಕಾಣುತ್ತಿತ್ತು.

"ನನಗೆ ಏನು ಶಿಕ್ಷೆ ಗುರುಗಳೇ?"

"ಶಿಕ್ಷೆ ಸಭೆ ಕೊಡಲಿ. ಮೊದಲು ನನ್ನದು. ನಾಳೆ ಸಭೆ ಕರೆದಿದ್ದೇನೆ. ನಾನು ಹಿರಿಯನಾಗಿ ಉಳಿಯಬೇಕೇ ಬೇಡವೇ, ಅದು ವಿಷಯ. ನನ್ನ ವಿಷಯ ನಡೆಯುವಾಗ ನಾನು ಒಳಗಿರಬಾರದು. ಹೊರಗೆ ಕೂರುತ್ತೇನೆ."

"ತಾವಿಲ್ಲದೆಯಾ?"

"ನನ್ನ ಜಾಗದಲ್ಲಿ ಕಾಳವ್ವ ಕೂರುತ್ತಾಳೆ. ಯಾರು ಏನು ಹೇಳಿದರು ಎಂದು ಅವಳು ಕೇಳಿಸಿಕೊಳ್ಳಲಿ."

ಕೇತ ಒಂದು ಹೆಜ್ಜೆ ಹಿಂದೆ ಸರಿದ.

"ನಿಯಮ ಹಾಗೇ ಇದೆ," ಎಂದರು ಗುರುಗಳು. "ಮೊದಲು ನೀನು ಮಾತಾಡಬೇಕು."

ಕೇತ ನದಿಯ ಕಡೆ ನೋಡಿದ. ಮೆಟ್ಟಿಲ ಮೇಲೆ ಕಾಳವ್ವ ಮಗನ ಬಟ್ಟೆಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಗುರುಗಳ ಹತ್ತಿರಕ್ಕೆ ಸರಿದ. ಅವಳಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ನಾನು ಏನು ಹೇಳಲಿ ಗುರುಗಳೇ?"

ಗುರುಗಳು ಅವನನ್ನೇ ನೋಡಿದರು. ಮುರಿದ ಗಾರೆಯ ತುಂಡನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಹೋಗು. ಈಗ ನನ್ನನ್ನು ಕೇಳಿದೆಯಲ್ಲ, ಅದನ್ನು ಆ ತಾಯಿಯ ಮುಂದೆ ನಿಂತು ಕೇಳು."