ಕೊನೆಯ ಬೆಂಚಿನ ಮಹಾಸ್ವಾಮಿಗಳು

ತಡಸನೂರು ವಿರಕ್ತಮಠದ ಪೂಜ್ಯ ಶ್ರೀ ಘನಲಿಂಗ ಮಹಾಸ್ವಾಮಿಗಳನ್ನು ಕಾಣಲು ಬಂದವರು ಮೊದಲು ಗದ್ದುಗೆಯ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದೆ ತಬ್ಬಿಬ್ಬಾಗುತ್ತಿದ್ದರು. ಪೂಜ್ಯರು ಸಿಗುತ್ತಿದ್ದುದು ದಾಸೋಹದ ಪಡಸಾಲೆಯಲ್ಲಿ, ಮೊರ ಹಿಡಿದು ತೊಗರಿಬೇಳೆಯ ಕಲ್ಲು ಆರಿಸುತ್ತಾ. ಗುರುತು ಸಿಗದೆ ಅವರನ್ನೇ "ಅಜ್ಜಾರು ಎಲ್ಲಿ ಅದಾರ್ರಿ?" ಎಂದು ಕೇಳಿದವರೂ ಉಂಟು. ಅಂಥವರ ಕೈಗೂ ಒಂದು ಮೊರ ಬೇಳೆ ಕೊಟ್ಟು ಕೂರಿಸುತ್ತಿದ್ದರು.

ಒಂದು ಮುಂಜಾನೆ ಕೂಲಿಯ ಫಕೀರವ್ವ ತನ್ನ ಮಗಳು ನಿಂಬೆವ್ವನ ಕೈಹಿಡಿದು ಅಲ್ಲಿಗೆ ಬಂದಳು. ನಿಂಬೆವ್ವ ಮಠದ ಪ್ರೌಢಶಾಲೆಯಲ್ಲೇ ಹತ್ತನೆಯ ತರಗತಿ ಓದುತ್ತಿದ್ದಳು. ಆ ಶಾಲೆಯ ಬಾಗಿಲ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಎಂಬ ಫಲಕವಿತ್ತು. ವರ್ಷ ವರ್ಷವೂ ಅದಕ್ಕೆ ಹೊಸ ಬಣ್ಣ ಬೀಳುತ್ತಿತ್ತು. ಅದರ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಮಠಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಪಾಸಾಗುವುದು ಅನುಮಾನ ಎನ್ನಿಸಿದ ಮಕ್ಕಳಿಗೆ ಮುಖ್ಯಾಧ್ಯಾಪಕ ಅಡಿವೆಪ್ಪ ಮಾಸ್ತರರು ಪರೀಕ್ಷೆಗೆ ಮೊದಲೇ ಟಿ.ಸಿ. ಬರೆದು ಮನೆಗೆ ಕಳಿಸಿಬಿಡುತ್ತಿದ್ದರು.

"ಗಣಿತ ಬರಂಗಿಲ್ಲಂತ ಟಿ.ಸಿ. ಕೊಟ್ಟಾರ್ರೀ ಅಜ್ಜಾರ. ಸಾಲಿ ಬಿಟ್ಟಳು ಅಂದ್ರ ನಮ್ಮ ಮಂದಿ ಇಕಿ ಲಗ್ನ ಮಾಡೇ ಬಿಡ್ತಾರ" ಎಂದು ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪೂಜ್ಯರು ಹುಡುಗಿಯ ಕಡೆ ತಿರುಗಿದರು. "ಏನು ತಿಳಿವಲ್ದವ್ವ ನಿನಗ?"

"ಋಣ ಸಂಖ್ಯೆಗೆ ಋಣ ಸಂಖ್ಯೆ ಗುಣಿಸಿದ್ರ ಧನ ಯಾಕ ಬರತೈತಿ ತಿಳಿವಲ್ದ್ರೀ. ಕೇಳಿದ್ರ, ಬಾಯಿಪಾಠ ಮಾಡು ಅಂತಾರ."

ದೊಡ್ಡ ದೊಡ್ಡ ಪಂಡಿತರ ಶಾಸ್ತ್ರದ ತೊಡಕು ಬಿಡಿಸಿದ ಮಹಾನುಭಾವರು ಮೊರ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಕೊನೆಗೆ, "ನಮಗೂ ತಿಳಿದಿಲ್ಲವ್ವ" ಎಂದರು.

ಮರುದಿನ ಹತ್ತನೆಯ ತರಗತಿಯ ಕೊನೆಯ ಬೆಂಚಿನ ಮೇಲೆ ಕಾವಿ ಕಂಡು, ಗಣಿತ ಹೇಳುತ್ತಿದ್ದ ಅಡಿವೆಪ್ಪ ಮಾಸ್ತರರ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಪೂಜ್ಯರು ನಿಂಬೆವ್ವನ ಪಕ್ಕದಲ್ಲಿ ಪಾಟಿ ಹಿಡಿದು ಕುಳಿತಿದ್ದರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಗೆ ಹೋದವರು, ಸರಕಾರದ ಯಾವ ಪರೀಕ್ಷೆಯನ್ನೂ ಬರೆದವರಲ್ಲ. ಈ ಸಲ ಹತ್ತನೆಯ ಪರೀಕ್ಷೆಗೆ ತಾವೂ ಖಾಸಗಿಯಾಗಿ ಕಟ್ಟುವುದಾಗಿ ಹೇಳಿದರು. ಇನ್ನು ಹುಡುಗಿಯ ಟಿ.ಸಿ. ನಿಲ್ಲುವುದುಂಟೇ? ಮಾಸ್ತರರೇ ಅದನ್ನು ಹರಿದು ಹಾಕಿದರು. ಅಜ್ಜಾರು ಪಾಸಾದರೆ ಶಾಲೆಯ ಕಿರೀಟಕ್ಕೆ ಇನ್ನೊಂದು ಗರಿ ಎಂದು ಒಳಗೊಳಗೇ ಹಿಗ್ಗಿದರು ಕೂಡ.

ಗಣಿತದ ಪರೀಕ್ಷೆಯ ದಿನ ಕೊಠಡಿ ಕಾಯುತ್ತಿದ್ದ ಶಿಕ್ಷಕರು ಪೂಜ್ಯರ ಭಕ್ತರು. ಅಜ್ಜಾರ ಲೇಖನಿ ನಿಂತದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಹಿಂದೆ ಬಂದು ಕೈಮುಗಿದು ನಿಂತು ಉತ್ತರ ಪಿಸುಗುಟ್ಟತೊಡಗಿದರು. ಅದೂ ಒಂದು ಗುರುಸೇವೆ ಎಂದು ಅವರ ಭಾವನೆ.

"ಸುಮ್ನ ನಿಂದರ್ರಿ, ತಮ್ಮಾ. ನಮ್ಮ ಹಸಿವಿಗೆ ನೀವು ಉಂಡ್ರ ಹೆಂಗ?" ಎಂದರು ಪೂಜ್ಯರು. ತಿಳಿದಷ್ಟು ಬರೆದು ಎದ್ದು ಬಂದರು.

ಫಲಿತಾಂಶ ಬಂದ ದಿನ ಅಡಿವೆಪ್ಪ ಮಾಸ್ತರರು ಕೆಂಡವಾಗಿ ಮಠದ ಮೆಟ್ಟಿಲು ಹತ್ತಿದರು. ನಿಂಬೆವ್ವ ಗಣಿತದಲ್ಲಿ ಫೇಲಾಗಿದ್ದಳು. ಪೂಜ್ಯರ ಫಲಿತಾಂಶ ನೋಡುವ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಮಹಾತ್ಮರು ಫೇಲಾಗುತ್ತಾರೆಂದು ಯಾರು ತಾನೇ ನೆನೆಸುತ್ತಾರೆ!

"ಅಜ್ಜಾರ, ಸಾಲಿ ಮರ್ಯಾದಿ ಮಣ್ಣುಪಾಲಾತು. ಆ ಹುಡುಗೀನ ಇನ್ನ ಇಟಗೊಳ್ಳಾಕ ಆಗೂದಿಲ್ಲ."

ಪೂಜ್ಯರು ಎದ್ದು ಗೂಟದ ಮೇಲಿನ ಜೋಳಿಗೆ ಹೆಗಲಿಗೆ ಹಾಕಿಕೊಂಡರು, ಬೆತ್ತ ಹಿಡಿದರು. "ನಾವೂ ಫೇಲಾಗೀವಿ. ನಮಗೂ ಟಿ.ಸಿ. ಬರೀರಿ, ಮಾಸ್ತರ."

ಮಾಸ್ತರರು ವಿನೋದವೆಂದು ನಗಲು ಹೋದರು. ಪೂಜ್ಯರ ಮುಖ ನೋಡಿ ಆ ನಗು ಬಾಯಲ್ಲೇ ಉಳಿಯಿತು.

"ಫೇಲಾದವರಿಗೆ ಇಲ್ಲಿ ಜಾಗ ಇಲ್ಲ ಅನ್ನೂದು ನಿಮ್ಮ ಕಾಯ್ದೆ. ಆಕಿಗೊಂದು, ನಮಗೊಂದು ಆಗಬಾರದು" ಎಂದು ಪೂಜ್ಯರು ಹೊಸ್ತಿಲು ದಾಟಿದರು.

ಪಡಸಾಲೆಯಲ್ಲಿದ್ದವರಿಗೆ ಸಿಡಿಲು ಬಡಿದಂತಾಯಿತು. ಪೀಠ ಬರಿದಾಗುವುದೇ? ಅದೂ ಒಂದು ಫಲಕದ ಸಲುವಾಗಿ? ತಾವು ಟಿ.ಸಿ. ಕೊಟ್ಟು ಕಳಿಸಿದ ಮಕ್ಕಳೂ ಹೀಗೇ ಹೊಸ್ತಿಲು ದಾಟಿದ್ದು ಆಗ ಅಡಿವೆಪ್ಪ ಮಾಸ್ತರರ ಕಣ್ಣಿಗೆ ಕಟ್ಟಿತು. ಓಡಿಹೋಗಿ ಅಂಗಳದಲ್ಲೇ ಪೂಜ್ಯರ ಪಾದ ಹಿಡಿದರು.

ಪೂಜ್ಯರು ನಿಂತರು. "ಋಣಕ್ಕ ಋಣ ಗುಣಿಸಿದ್ರ ಧನ ಯಾಕ ಅಂತ ಆಕಿ ಕೇಳಿದ್ದಕ್ಕ ಉತ್ತರ ಏನ್ರಿ?" ಎಂದರು.

ಮಾಸ್ತರರು ಪಾದ ಬಿಡದೆಯೇ ಹೇಳಿದರು: "ಗೊತ್ತಿಲ್ಲ, ಅಜ್ಜಾರ. ನಾನೂ ಬಾಯಿಪಾಠ ಮಾಡಿ ಪಾಸಾದಾವ."

"ಹಂಗಾದ್ರ ಮೂರೂ ಮಂದಿ ಕೂಡಿ ಕಲಿಯೂಣು." ಜೋಳಿಗೆ ಮತ್ತೆ ಗೂಟಕ್ಕೆ ಹೋಯಿತು.

ಆಮೇಲೆ ಮಾಸ್ತರರು ಕಂಡ ಕಂಡ ಪುಸ್ತಕ ತಿರುವಿದರು, ಬಲ್ಲವರನ್ನು ಹುಡುಕಿಕೊಂಡು ಹೋದರು. ಒಂದು ಸಂಜೆ ಕೋಟು ಟೋಪಿ ಧರಿಸಿ ಮಠಕ್ಕೆ ಬಂದವರು ಪೂಜ್ಯರ, ನಿಂಬೆವ್ವನ ಮುಂದೆಯೇ ಗದ್ದುಗೆಗೆ ಬೆನ್ನು ತಿರುಗಿಸಿ ನಿಂತರು. ಭಕ್ತರು ಹೌಹಾರಿದರು. ಗದ್ದುಗೆಗೆ ಬೆನ್ನು ಮಾಡುವುದು ಆ ಮಠದಲ್ಲಿ ಯಾರೂ ಕಂಡದ್ದಲ್ಲ.

"ತಿರುಗಿ ನಿಂತದ್ದು ಒಂದು ಋಣ" ಎಂದು ಮಾಸ್ತರರು ಗಟ್ಟಿಯಾಗಿ ಹೇಳಿದರು. "ಹಿಂದಕ್ಕ ಹೆಜ್ಜಿ ಇಡೂದು ಇನ್ನೊಂದು ಋಣ. ಈಗ ನೋಡು, ನಿಂಬೆವ್ವ." ಹೀಗೆಂದು ಹಿಂದಹಿಂದಕ್ಕೆ ನಡೆಯುತ್ತ ನಡೆಯುತ್ತ ಗದ್ದುಗೆಯ ಹತ್ತಿರಕ್ಕೇ ಬಂದು ನಿಂತರು.

"ಅಯ್ಯ, ಮುಂದ ಬಂದಂಗ ಆತಲ್ರೀ ಸರ" ಎಂದಳು ನಿಂಬೆವ್ವ. ಪೂಜ್ಯರು ಮಗುವಿನಂತೆ ನಕ್ಕರು, ತಾವೂ ಎದ್ದು ಹಾಗೇ ನಡೆದು ನೋಡಿದರು.

ಮುಂದಿನ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಅಡಿವೆಪ್ಪ ಮಾಸ್ತರರು ಟಿ.ಸಿ. ಕೊಟ್ಟಿದ್ದ ಮಕ್ಕಳ ಮನೆ ಮನೆಗೆ ಹೋಗಿ, ಕೈಮುಗಿದು, ಬರಲೊಪ್ಪಿದವರನ್ನೆಲ್ಲ ಮರಳಿ ಕರೆತಂದರು. ಬಾಗಿಲ ಮೇಲಿನ ಫಲಕವನ್ನು ತಾವೇ ಕಿತ್ತರು. ಮುಂದೆ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದು, ನಿಮ್ಮ ಶಾಲೆಯ ಫಲಿತಾಂಶ ಎಷ್ಟು ಎಂದು ಕೇಳಿದಾಗಲೆಲ್ಲ ಮಾಸ್ತರರು ಕೊನೆಯ ಬೆಂಚನ್ನು ತೋರಿಸಿ ಕೈಮುಗಿಯುತ್ತಿದ್ದರು.

"ನಮ್ಮ ಅಜ್ಜಾರು ಫೇಲಾದ ಸಾಲಿರಿ ಇದು."