ತಗ್ಗು ಬಾಗಿಲಿಗೆ ಹೊರಟ ಅಂಬಾರಿ

ಸೋಮಗಿರಿಯಲ್ಲಿ ದೊರೆಗಳು ಬದಲಾದರೂ ಅರಮನೆ ಮೆರವಣಿಗೆಯ ಉಸ್ತುವಾರಿ ಮಾತ್ರ ಪುಟ್ಟನಂಜಮ್ಮಣ್ಣಿಯವರ ಮನೆತನ ಬಿಟ್ಟು ಹೋದದ್ದಿಲ್ಲ. ಅವರ ಮುತ್ತಜ್ಜ ಎಳೆಯ ದೊರೆಗಳಿಗೆ ಆನೆ ಏರುವುದನ್ನು ಕಲಿಸಿದವರು. ಅಜ್ಜಿ ರಾಜಮಾತೆಯ ಪಲ್ಲಕ್ಕಿಯನ್ನೇ ತಡೆದು, ಸೆರಗು ಸರಿಮಾಡಿ ಮುಂದೆ ಕಳಿಸಿದವರು. ಆ ಮನೆಯವರು ಯಾರ ಮುಂದೆಯೂ ಹಲ್ಲುಗಿಂಜಿದವರಲ್ಲ.

ದೊರೆ ವೀರಭೂಪಾಲ ತಾನೇ ನಕ್ಷೆ ಬರೆದು ಹಬ್ಬದ ಮೆರವಣಿಗೆಗೆಂದು ಹೊಸ ಹೆಬ್ಬಾಗಿಲು ಕಟ್ಟಿಸಿದ. "ಕುಂದು ಕಂಡರೆ ಧೈರ್ಯವಾಗಿ ಹೇಳಿ," ಎಂದ ಸಭೆಗೆ.

ಮಾವುತ ದಸ್ತಗೀರ ಹೇಳಿಯೇಬಿಟ್ಟ. "ಬುದ್ಧೀ, ಅಂಬಾರಿ ಹೊತ್ತ ಆನೆ ಇದ್ರಲ್ಲಿ ನುಸುಳಲ್ಲ. ಕಮಾನು ತಗ್ಗಾಯ್ತು."

"ಲದ್ದಿ ಬಾಚೋನು ನನಗೆ ಪಾಠ ಹೇಳ್ತೀಯೇನೋ!"

ತುಂಬಿದ ಸಭೆಯಲ್ಲಿ ಬೈದು ದೊರೆ ಅವನನ್ನು ಲಾಯದಲ್ಲಿ ಕೂಡಿಹಾಕಿಸಿದ. ಹಬ್ಬ ಮುಗಿದೊಡನೆ ಗಡೀಪಾರು.

"ಇನ್ನು ಯಾರಾದರೂ ಹೇಳೋದಿದೆಯಾ?"

ಸಭೆಗೆ ಸಭೆಯೇ "ಭೇಷ್!" ಎಂದಿತು.

"ನೋಡಿದಿರಾ ಅಮ್ಮಣ್ಣಿ? ನನ್ನ ಆಸ್ಥಾನದಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡ್ತಾರೆ."

ಅಮ್ಮಣ್ಣಿಯವರಿಗೆ ಮೈ ಉರಿಯಿತು. ಮುಖ ಮಾತ್ರ ಗಂಟಿಕ್ಕಲಿಲ್ಲ. "ಹಾಗಾದರೆ ನಾಳೆ ಅಂಬಾರಿ ಏರಿ ಆ ಬಾಗಿಲಿಂದಲೇ ದಯಮಾಡಿಸಿ, ಪ್ರಭು. ಸಭೆಯವರೆಲ್ಲ ಪಕ್ಕದಲ್ಲೇ ನಡೆಯಲಿ."

ಮರುದಿನ ಬದಲಿ ಮಾವುತನಿಗೆ ಅವರು ಹೇಳಿದ್ದು ಒಂದೇ ಮಾತು: "ಬಸವನಹುಳುವಿನ ಹಾಗೆ ಹೋಗು."

ಕಮಾನು ಹತ್ತಿರವಾಯಿತು. ದೊರೆ ಕತ್ತು ತಗ್ಗಿಸಿದ.

"ಆಹಾ, ಎಂಥ ವಿನಯ!" ಎಂದ ಮಂತ್ರಿ.

ದೊರೆ ಸೊಂಟ ಬಗ್ಗಿಸಿದ.

"ಬಾಗಿಲಿಗೂ ನಮಸ್ಕಾರ!" ಎಂದು ಸೇನಾಪತಿ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಮೇಲಿನ ಕಳಶ ಲಟಕ್ಕನೆ ಮುರಿದು, ಅಂಬಾರಿ ಕಮಾನಿಗೆ ಸಿಕ್ಕಿಕೊಂಡಿತು. ಬದಲಿ ಮಾವುತ ಎಷ್ಟು ಕೂಗಿದರೂ ಆನೆ ಕದಲದೆ ನಿಂತಿತು. ಒಳಗೆ ಬೋರಲು ಬಿದ್ದ ದೊರೆ ಕಿರುಚಿದ: "ನಿಲ್ಲಿಸಿ ಅನ್ನೋಕೆ ನಿಮಗ್ಯಾರಿಗೂ ಬಾಯಿರಲಿಲ್ವೇನ್ರಯ್ಯಾ?"

"ಬಾಯಿದ್ದವನು ಒಬ್ಬನಿದ್ದ, ಪ್ರಭು," ಎಂದರು ಅಮ್ಮಣ್ಣಿ. "ಅವನಿಗೆ ಲಾಯ ತೋರಿಸಿದಿರಿ. ಉಳಿದವರು ಅದನ್ನು ನೋಡಿ ಬಾಯಿಗೆ ಬೀಗ ಹಾಕಿಕೊಂಡರು. ಈಗ ಆನೆ ಹಿಂದೆ ಸರಿಯಬೇಕಾದರೂ ಅವನೇ ಹೇಳಬೇಕು."

ದಸ್ತಗೀರನನ್ನು ಕರೆತಂದರು. ಅವನ ಮುಖ ಕಂಡು, ತನ್ನ ಪಾಡು ನೆನೆದು, ದೊರೆಗೆ ಬಿದ್ದಲ್ಲೇ ನಗು ಉಕ್ಕಿತು. "ಗಡೀಪಾರು ರದ್ದು! ಶಾಲು ಹೊದಿಸಿ, ಒಂದೂರು ಉಂಬಳಿ ಕೊಡಿ! ಬೇಗ ಹಿಂದೆ ತೆಗೆಯೋ ಮಾರಾಯ!"

ದಸ್ತಗೀರ ಆನೆಯ ಕಡೆ ಹೆಜ್ಜೆ ಇಟ್ಟ. ಅಮ್ಮಣ್ಣಿ ಅಡ್ಡ ನಿಂತರು.

"ಶಾಲು, ಊರು ಆಮೇಲೆ. ಬೈದದ್ದು ತುಂಬಿದ ಸಭೆಯಲ್ಲಿ. ಸಭೆ ಇಲ್ಲೇ ನಿಂತಿದೆ. ಅವನ ಕ್ಷಮೆ ಕೇಳಿ."