ಕೇಳಿದಷ್ಟೂ ಕೊಟ್ಟವನು

ಪ್ರಶ್ನೆ ಕೇಳುವ ಮೊದಲು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಆ ಶಿಷ್ಯೆಯ ರೂಢಿ. ಬರೆದದ್ದನ್ನು ಎರಡು ಸಲ ಓದುತ್ತಾಳೆ. ನಾಲ್ಕಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಕೇಳುವಾಗ ಚೀಟಿಯನ್ನು ಬಿಚ್ಚುವುದಿಲ್ಲ.

ಅಂದೂ ಹಾಗೆಯೇ ಬಂದು ಗುರುಗಳ ಮೇಜಿನ ಪಕ್ಕ ನಿಂತಳು.

"ಸರ್, ಮಗು ಕೇಳಿದಾಗಲೆಲ್ಲ ಕೊಡುವ ತಾಯಿಯಿಂದ ಮಗುವಿಗೆ ಕೆಡುಕಾಗಬಹುದೆ?"

"ಯಾರ ಮನೆಯ ಮಗು?" ಎಂದರು ಗುರುಗಳು.

"ಯಾರ ಮನೆಯದೂ ಅಲ್ಲ ಸರ್. ನನ್ನ ಪ್ರೋಗ್ರಾಮಿನದು."

ಗುರುಗಳು ಕಲಿಸುತ್ತಿದ್ದುದು ಒಂದು ಬಗೆಯ ಆಪರೇಟಿಂಗ್ ಸಿಸ್ಟಮ್ ಕಟ್ಟುವ ವಿದ್ಯೆ. ಅದರಲ್ಲಿ ಎಲ್ಲವೂ ಬಿಡಿ ಬಿಡಿ ಘಟಕಗಳು. ಒಂದು ಘಟಕ ಇನ್ನೊಂದನ್ನು ಹುಟ್ಟಿಸುತ್ತದೆ. ಹುಟ್ಟಿಸಿದ್ದು ತಾಯಿ, ಹುಟ್ಟಿದ್ದು ಮಗು. ಮಗುವಿಗೆ ಬೇಕಾದ ಮೆಮೊರಿಯನ್ನು ತಾಯಿ ತನ್ನ ಪಾಲಿನಿಂದಲೇ ತೆಗೆದು ಕೊಡಬೇಕು. ಕೊಟ್ಟಷ್ಟು ಮಗುವಿನ ಕೋಟಾ. ಅದು ಸಾಲದೆ ಬಂದರೆ ಮಗು ತನ್ನ ತಾಯಿಯನ್ನು ಮಾತ್ರ ಕೇಳಬಹುದು. ಕೇಳಿದ ಮೇಲೆ ಉತ್ತರ ಬರುವ ತನಕ ನಿಂತಲ್ಲೇ ನಿಂತಿರಬೇಕು.

"ನನ್ನ ತಾಯಿ ಘಟಕ ಒಮ್ಮೆಯೂ ಇಲ್ಲ ಅಂದಿಲ್ಲ ಸರ್. ಮಗು ಕೇಳಿದಷ್ಟೂ ಕೊಟ್ಟಿದೆ. ಆದರೂ ಮಗು ನಿಂತುಬಿಟ್ಟಿದೆ. ತಾಯಿಯೂ ಸುಮ್ಮನಿದೆ. ಬೆಳಗಿನಿಂದ ಹುಡುಕುತ್ತಿದ್ದೇನೆ, ತಪ್ಪು ಕಾಣಿಸುತ್ತಿಲ್ಲ. ಮಗುವನ್ನು ಕೊಂದು ಹೊಸದಾಗಿ ಹುಟ್ಟಿಸೋಣ ಅಂದರೆ, ಮೂರು ದಿನದಿಂದ ಅದು ಮಾಡಿದ ಕೆಲಸವೆಲ್ಲ ಅದರ ಜೊತೆಗೇ ಹೋಗುತ್ತದೆ."

"ಕೊಲ್ಲುವುದಕ್ಕೆ ಅವಸರವಿಲ್ಲ. ಕೂತುಕೋ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಮುರಕಲ್ಲಿನ ಗುಡ್ಡ, ಕೆಂಪು ಜಂಬಿಟ್ಟಿಗೆಯದು. ಗುಡ್ಡದ ಬುಡದಲ್ಲಿ ಒಂದು ಊರು. ನೀರು ಇದ್ದುದು ಗುಡ್ಡದ ಹೊಟ್ಟೆಯಲ್ಲಿ. ಆ ಸೀಮೆಯವರು ನೀರಿಗಾಗಿ ನೆಲವನ್ನು ಕೆಳಕ್ಕೆ ತೋಡುವುದಿಲ್ಲ. ಗುಡ್ಡದೊಳಕ್ಕೆ ಅಡ್ಡವಾಗಿ ತೋಡಿಕೊಂಡು ಹೋಗುತ್ತಾರೆ. ಅದಕ್ಕೆ ಸುರಂಗ ಎನ್ನುತ್ತಾರೆ. ಒಬ್ಬ ಆಳು ಬಗ್ಗಿ ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಸುವಷ್ಟು ಅಗಲ. ನೀರು ಸಿಗದಿದ್ದರೆ ಸುರಂಗವನ್ನು ಕವಲು ಒಡೆಯಿಸುತ್ತಾರೆ. ಕವಲಿನಿಂದ ಮತ್ತೆ ಕವಲು.

ಊರಿನವರು ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ತನ್ನ ಜೊತೆಗೆ ಇಬ್ಬರು ಮುಂದಾಳುಗಳನ್ನು ತಂದ. ಒಬ್ಬನಿಗೆ ಬಲಗವಲು, ಇನ್ನೊಬ್ಬನಿಗೆ ಎಡಗವಲು. ಬಲಗವಲಿನವನ ಕೈಕೆಳಗೆ ಮೂವರು ಅಗೆಯುವ ಆಳುಗಳು. ಎಡಗವಲಿನವನ ಕೈಕೆಳಗೆ ಇಬ್ಬರು.

ಒಳಗೆ ಕಗ್ಗತ್ತಲು. ಎಣ್ಣೆಯ ದೀಪವಿಲ್ಲದೆ ಕೆಲಸವಿಲ್ಲ. ಊರಿನವರು ದಿನಕ್ಕೆ ಒಂದು ತಂಬಿಗೆ ಎಣ್ಣೆ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಕೊಡಲು ಆ ಊರಿನಲ್ಲಿ ಎಣ್ಣೆ ಇರಲಿಲ್ಲ.

ಮೇಸ್ತ್ರಿಗೆ ಒಂದು ಕಟ್ಟಳೆಯಿತ್ತು. ಬೆಳಿಗ್ಗೆ ತಂಬಿಗೆಯ ಎಣ್ಣೆಯಲ್ಲಿ ತನ್ನ ದೀಪಕ್ಕೆ ಬೇಕಾದಷ್ಟನ್ನು ಹೊಯ್ದುಕೊಂಡು, ಉಳಿದದ್ದನ್ನು ಇಬ್ಬರು ಮುಂದಾಳುಗಳ ಕರಟಗಳಿಗೆ ಅಳೆದು ಕೊಡುವನು. ಮುಂದಾಳು ತನಗೆ ಬಂದದ್ದರಲ್ಲೇ ತನ್ನ ಆಳುಗಳಿಗೆ ಹಂಚಬೇಕು. ತನ್ನ ಕರಟದಲ್ಲಿ ಇಲ್ಲದ್ದನ್ನು ಯಾರೂ ಯಾರಿಗೂ ಕೊಡುವಂತಿಲ್ಲ. ಒಬ್ಬನ ಆಳು ಇನ್ನೊಬ್ಬ ಮುಂದಾಳನ್ನು ಕೇಳುವಂತಿಲ್ಲ, ಮೇಸ್ತ್ರಿಯನ್ನೂ ಕೇಳುವಂತಿಲ್ಲ. ಕೆಲಸ ಮುಗಿಸಿ ಹೊರಗೆ ಬರುವವನು ಉಳಿದ ಎಣ್ಣೆಯನ್ನು ತನಗೆ ಕೊಟ್ಟವನ ಕರಟಕ್ಕೇ ಹಿಂದಕ್ಕೆ ಹೊಯ್ಯಬೇಕು. ಒಳಗೆ ದೀಪ ಆರಿದರೆ, ಆರಿದವನು ಕತ್ತಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು. ಇದ್ದಲ್ಲೇ ಇದ್ದು, ತನ್ನನ್ನು ಒಳಗೆ ಕಳಿಸಿದವನನ್ನು ಕೂಗಬೇಕು.

ಕಟ್ಟಳೆ ಬಿಗಿಯಾಗಿತ್ತು. ಆದರೆ ಆ ಮೇಸ್ತ್ರಿ ತೋಡಿದ ಹನ್ನೊಂದು ಸುರಂಗಗಳಲ್ಲಿ ಒಬ್ಬ ಆಳೂ ಸತ್ತಿರಲಿಲ್ಲ.

ಕವಲು ಒಡೆಯುವ ಜಾಗದಲ್ಲಿ ಮೇಸ್ತ್ರಿ ಕುಳಿತಿರುತ್ತಿದ್ದ. ತಮ್ಮ ತಮ್ಮ ಕವಲಿನೊಳಗೆ ಸ್ವಲ್ಪ ದೂರದಲ್ಲಿ ಮುಂದಾಳುಗಳು. ಅವರಿಂದ ಆಚೆ, ಕೊನೆಯಲ್ಲಿ, ಅಗೆಯುವವರು.

ಎಡಗವಲಿನ ಮುಂದಾಳು ತನಗೆ ಬಂದ ಎಣ್ಣೆಯಲ್ಲಿ ಕಾಲು ಭಾಗವನ್ನು ತನ್ನ ದೀಪಕ್ಕೆ ತೆಗೆದಿಟ್ಟುಕೊಳ್ಳುತ್ತಿದ್ದ. ಬತ್ತಿಯನ್ನು ಸಣ್ಣಗೆ ಮಾಡಿ, ಅದರ ಎದುರು ಸುಮ್ಮನೆ ಕುಳಿತಿರುತ್ತಿದ್ದ. ಆಳುಗಳು ಕೇಳಿದರೂ ಆ ಪಾಲನ್ನು ಮುಟ್ಟುತ್ತಿರಲಿಲ್ಲ.

ಬಲಗವಲಿನ ಮುಂದಾಳು ಕರುಣೆಯುಳ್ಳವನು. ಆಳು "ಅಣ್ಣಾ" ಎಂದರೆ ಸಾಕು, ಕರಟ ಬಗ್ಗಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನ ದೀಪದಲ್ಲಿ ಬತ್ತಿ ಮಾತ್ರ ಇರುತ್ತಿತ್ತು. ಅವನು ಕತ್ತಲಲ್ಲೇ ಕುಳಿತು, ಆಳುಗಳ ಪಿಕಾಸಿಯ ಸದ್ದು ಕೇಳಿ ಸಂತೋಷಪಡುತ್ತಿದ್ದ.

ಮೇಸ್ತ್ರಿ ಒಮ್ಮೆ ಕೇಳಿದ. "ನಿನ್ನ ಎಣ್ಣೆ ಎಲ್ಲಿ?"

"ಅವರ ದೀಪದಲ್ಲೇ ಇದೆ ಮೇಸ್ತ್ರಿ. ಅಗೆಯುವವನಿಗೆ ಬೆಳಕು ಬೇಕು. ಕೂರುವವನಿಗೆ ಯಾಕೆ?"

ಮೇಸ್ತ್ರಿ ತನ್ನ ಜಾಗಕ್ಕೆ ಹಿಂತಿರುಗಿದ. ಅಳೆದು ಕೊಟ್ಟ ಮೇಲೆ ಅದು ಮುಂದಾಳಿನ ಪಾಲು. ಹೇಗೆ ಹಂಚಬೇಕೆಂದು ತೀರ್ಮಾನಿಸುವವನು ಅವನೇ.

ಬಲಗವಲು ಎಡಗವಲಿಗಿಂತ ಹದಿನೈದು ಮೊಳ ಮುಂದೆ ಹೋಯಿತು. ಗಂಜಿಯ ಹೊತ್ತಿಗೆ ಎಲ್ಲರೂ ಹೊರಗೆ ಕುಳಿತಾಗ ಬಲಗವಲಿನ ಆಳುಗಳು ಕೆಣಕುತ್ತಿದ್ದರು.

"ನಿಮ್ಮ ಮುಂದಾಳು ದೀಪ ಹಚ್ಚಿಕೊಂಡು ಮೀಸೆ ಎಣಿಸುತ್ತಾನಂತೆ, ಹೌದೇನೋ?"

"ಎಣಿಸಲಿ ಬಿಡು. ನಿಮ್ಮವನು ಕತ್ತಲಲ್ಲಿ ಏನು ಮಾಡುತ್ತಾನೆ? ಗೊರಕೆ ನಮ್ಮ ಕಡೆಗೂ ಕೇಳಿಸುತ್ತದೆ."

ಎಲ್ಲರೂ ನಗುತ್ತಿದ್ದರು. ಆದರೆ ಎಡಗವಲಿನ ಆಳುಗಳಿಗೂ ಮನಸ್ಸಿನಲ್ಲಿ ಬಲಗವಲಿನ ಮೇಲೇ ಆಸೆ.

ಒಂದು ದಿನ ಬಲಗವಲಿನ ಕೊನೆಯಲ್ಲಿ ಅಗೆಯುತ್ತಿದ್ದವನು ಕಲ್ಲಿಗೆ ಕೈಯಿಟ್ಟು ನೋಡಿದ. ಕಲ್ಲು ಬೆವರುತ್ತಿತ್ತು. ನೀರು ಹತ್ತಿರದಲ್ಲಿದೆ ಎಂದು ತಿಳಿಯಿತು. ಅವನು ಎಣ್ಣೆ ಕೇಳಿದ. ಮುಂದಾಳು ಕೊಟ್ಟ. ಮತ್ತೆ ಕೇಳಿದ. ಮುಂದಾಳು ಉಳಿದ ಇಬ್ಬರನ್ನು ಹೊರಗೆ ಕರೆಸಿ, ಅವರ ಎಣ್ಣೆಯನ್ನೂ ಅವನಿಗೇ ಕೊಟ್ಟ. ಮೂರನೆಯ ಸಲ ಆಳೇ ದೀಪ ಹಿಡಿದು ಬಂದು ಕೇಳಿದಾಗ ತನ್ನ ದೀಪದ ತಳದಲ್ಲಿದ್ದುದನ್ನು ಅವನ ಕರಟಕ್ಕೆ ಬಗ್ಗಿಸಿದ. ಕೊಟ್ಟು, ತನ್ನ ಜಾಗದಲ್ಲಿ ಕತ್ತಲಲ್ಲೇ ಕುಳಿತ. ಅವನಿಗೆ ತುಂಬ ಸಮಾಧಾನವಾಗಿತ್ತು.

ಸ್ವಲ್ಪ ಹೊತ್ತಿಗೆ ಪಿಕಾಸಿಯ ಏಟಿಗೆ ಕಲ್ಲು ಒಡೆದು ನೀರು ನುಗ್ಗಿತು. ನುಗ್ಗಿದ ರಭಸಕ್ಕೆ ದೀಪ ಆರಿತು. ಕರಟ ಮಗುಚಿತು. ಕವಲಿನ ಅಷ್ಟೂ ಎಣ್ಣೆ ಒಂದೇ ಕರಟದಲ್ಲಿತ್ತು. ಎಲ್ಲ ನೀರಿನ ಪಾಲಾಯಿತು.

ಅಗೆದ ಮಣ್ಣು ಆಳಿನ ಹಿಂದೆ ರಾಶಿ ಬಿದ್ದಿತ್ತು. ನೀರು ಹೊರಗೆ ಹರಿಯಲಾರದೆ ಅಲ್ಲೇ ಏರತೊಡಗಿತು. ರಾಶಿಯ ಈಚೆಗೆ, ದಾರಿಯ ನಡುವೆ, ತೋಡುವಾಗ ನೆಲ ಕುಸಿದು ಆದ ಎರಡಾಳು ಆಳದ ಒಂದು ಗುಂಡಿಯಿತ್ತು. ಗುಂಡಿಯ ಮೇಲೆ ಒಂದೇ ಹಲಗೆ. ಬೆಳಕಿದ್ದರೆ ದಾಟಲು ನಾಲ್ಕು ಹೆಜ್ಜೆ ಸಾಕು. ಬೆಳಕಿಲ್ಲದಿದ್ದರೆ ಮೊದಲ ಹೆಜ್ಜೆಯೇ ಕೊನೆಯದು.

ಆಳು ಕಟ್ಟಳೆ ಮೀರಲಿಲ್ಲ. ನಿಂತಲ್ಲೇ ನಿಂತು ಕೂಗಿದ. "ಅಣ್ಣಾ, ದೀಪ!"

ಮುಂದಾಳಿಗೆ ಕೇಳಿಸಿತು. ಎದ್ದು ನಿಂತ. ಕೈಯಲ್ಲಿ ಒಣಗಿದ ದೀಪ. ಎರಡು ಹೆಜ್ಜೆ ಇಟ್ಟ. ಗುಂಡಿಯ ನೆನಪಾಗಿ ನಿಂತ. ನಾಲ್ಕು ಕಾಲಲ್ಲಿ ಹೋಗಿ ಹಲಗೆಗಾಗಿ ತಡಕಿದ. ಕೈಗೆ ಗುಂಡಿಯ ಅಂಚು ಸಿಕ್ಕಿತು, ಹಲಗೆ ಸಿಗಲಿಲ್ಲ.

"ಅಣ್ಣಾ, ಮೊಣಕಾಲಿಗೆ ಬಂತು!"

"ಬಂದೆ ಕಣೋ, ಬಂದೆ," ಎಂದ ಮುಂದಾಳು. ಹೇಳಿದವನು ಗುಂಡಿಯ ಅಂಚಿನಿಂದ ಕದಲಲಾರದೆ ಹೋದ. ಅವನೂ ಈಗ ಕತ್ತಲಲ್ಲಿ ಇದ್ದವನೇ. ಅವನಿಗೂ ಉಳಿದದ್ದು ಒಂದೇ ದಾರಿ. ತಿರುಗಿ ಮೇಸ್ತ್ರಿಯನ್ನು ಕೂಗಿದ.

ಮೇಸ್ತ್ರಿ ತನ್ನ ದೀಪ ಎತ್ತಿಕೊಂಡು ಬಲಗವಲಿಗೆ ಬಂದ. ಒಣಗಿದ ದೀಪವನ್ನು ನೋಡಿದ. ತಿರುಗಿ ಎಡಗವಲಿಗೆ ನಡೆದ.

ಇಲ್ಲಿ ಶಿಷ್ಯೆ ತಡೆಯಲಾರದೆ ಕೇಳಿದಳು. "ಸರ್, ಮೇಸ್ತ್ರಿ ತನ್ನ ದೀಪವನ್ನೇ ಅವನಿಗೆ ಕೊಡಬಹುದಿತ್ತಲ್ಲ?"

"ಕೊಟ್ಟಿದ್ದರೆ ಮೇಸ್ತ್ರಿಯೇ ಕತ್ತಲಲ್ಲಿ ಕೂರಬೇಕಾಗುತ್ತಿತ್ತು. ಎಡಗವಲಿನಲ್ಲಿ ಇನ್ನೂ ಮೂವರು ಇದ್ದರು. ಅವರು ಕೂಗಿದರೆ ಯಾರು ಏಳಬೇಕು?"

"ತಾನೇ ಹೋಗಿ ಆಳನ್ನು ಕರೆತರಬಹುದಿತ್ತು."

"ಆ ಹಲಗೆ ಎಲ್ಲಿದೆ, ಅದರ ಯಾವ ಕಡೆ ಗಟ್ಟಿ, ಯಾವ ಕಡೆ ಜಾರುತ್ತದೆ ಎನ್ನುವುದು ಅದನ್ನು ಹಾಕಿದ ಮುಂದಾಳಿಗೆ ಗೊತ್ತು. ಮೇಸ್ತ್ರಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲ ಎನ್ನುವುದು ಗೊತ್ತಿತ್ತು. ಅದಕ್ಕೇ ಅವನು ಮೇಸ್ತ್ರಿ."

ಗುರುಗಳು ಕತೆ ಮುಂದುವರಿಸಿದರು.

ಮೇಸ್ತ್ರಿ ಎಡಗವಲಿನ ಮುಂದಾಳಿಗೆ ಹೇಳಿದ್ದು ಇಷ್ಟೇ. "ನಿನ್ನ ಆಳುಗಳನ್ನು ಕರೆ. ಅವರಲ್ಲಿ ಉಳಿದದ್ದು ಬೇಕು."

ಮುಂದಾಳು ಎದ್ದ. ಅವನ ದೀಪ ಉರಿಯುತ್ತಿತ್ತು. ಏಳಲು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಒಳಗೆ ಹೋಗಿ ಇಬ್ಬರ ಹೆಗಲನ್ನೂ ಮುಟ್ಟಿದ. ಒಬ್ಬ ಎತ್ತಿದ್ದ ಪಿಕಾಸಿಯನ್ನು ಏಟು ಹಾಕದೆಯೇ ಕೆಳಗಿಟ್ಟ. ಇನ್ನೊಬ್ಬ, "ಮೊದಲೇ ಹದಿನೈದು ಮೊಳ ಹಿಂದಿದ್ದೇವೆ, ಇವತ್ತು ಇನ್ನಷ್ಟು ಹಿಂದೆ," ಎಂದ. ಅನ್ನುತ್ತಲೇ ತನ್ನ ಎಣ್ಣೆಯನ್ನು ಮುಂದಾಳಿನ ಕರಟಕ್ಕೆ ಹೊಯ್ಯುತ್ತಿದ್ದ. ಯಾಕೆ, ಯಾರಿಗೆ ಎಂದು ಇಬ್ಬರೂ ಕೇಳಲಿಲ್ಲ. ಮುಂದಾಳಿನ ದೀಪದ ಹಿಂದೆ ನಡೆದು ಹೊರಗೆ ಬಂದರು. ಹನ್ನೊಂದು ಸುರಂಗಗಳನ್ನು ತೋಡುತ್ತ ಮೇಸ್ತ್ರಿ ಇಂಥ ಆಳುಗಳನ್ನೂ ತಯಾರು ಮಾಡಿದ್ದ.

ಎಣ್ಣೆ ಆಳುಗಳಿಂದ ಮುಂದಾಳಿಗೆ, ಮುಂದಾಳಿನಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಬಲಗವಲಿನವನಿಗೆ ಬಂತು. ನಡುವೆ ಒಂದು ಹನಿಯೂ ಚೆಲ್ಲಲಿಲ್ಲ. ಬಲಗವಲಿನವನು ಅದನ್ನು ತನ್ನ ದೀಪಕ್ಕೆ ಹೊಯ್ದುಕೊಂಡ. ಮೇಸ್ತ್ರಿಯೇ ಬತ್ತಿ ಹೊತ್ತಿಸಿಕೊಟ್ಟ.

ಬೆಳಕಿನಲ್ಲಿ ಹಲಗೆ ಕಂಡಿತು. ಅವನು ಕೈ ಹಾಕಿ ತಡಕಿದ ಜಾಗಕ್ಕಿಂತ ಒಂದು ಗೇಣು ಆಚೆಗಿತ್ತು.

ಆಳು ಎದೆಮಟ್ಟದ ನೀರಿನಲ್ಲಿ ನಿಂತಿದ್ದ. ಎರಡು ಕೈಗಳನ್ನೂ ಮೇಲಿನ ಕಲ್ಲಿಗೆ ಒತ್ತಿ ಹಿಡಿದಿದ್ದ. ಕಾಲು ಇಟ್ಟ ಜಾಗದಿಂದ ಕದಲಿರಲಿಲ್ಲ. ಕತ್ತಲಲ್ಲಿ, ಏರುವ ನೀರಿನಲ್ಲಿ, ಓಡದೆ ನಿಲ್ಲುವುದು ಎಂಥ ಕಷ್ಟ ಎಂದು ಅಗೆಯುವವರಿಗೇ ಗೊತ್ತು. ಅಂದು ಅವನ ಜೀವ ಉಳಿಸಿದ್ದರಲ್ಲಿ ಅರ್ಧ ಪಾಲು ಆ ದೀಪದ್ದು, ಅರ್ಧ ಪಾಲು ಅವನ ಆ ಎರಡು ಪಾದಗಳದ್ದು. ಮುಂದಾಳು ಮಣ್ಣಿನ ರಾಶಿ ಹತ್ತಿ, ಅವನ ರಟ್ಟೆ ಹಿಡಿದು ಎಳೆದುಕೊಂಡು, ಹಲಗೆ ದಾಟಿಸಿ ತಂದ.

ಹೊರಗೆ ಬಿಸಿಲಿನಲ್ಲಿ ಎಲ್ಲರೂ ಕುಳಿತರು. ಬಲಗವಲಿನ ಮುಂದಾಳು ಅಳುತ್ತಿದ್ದ.

"ನಿನಗೆ ನಾನು ಏನು ಕಡಿಮೆ ಮಾಡಿದೆ ಹೇಳು. ಕೇಳಿದಷ್ಟೂ ಕೊಟ್ಟೆನಲ್ಲೋ."

ಆಳು ತಲೆಯ ನೀರು ಹಿಂಡಿಕೊಳ್ಳುತ್ತಿದ್ದ. "ಎಣ್ಣೆ ಕೊಟ್ಟೆ ಅಣ್ಣಾ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಕೂಗಿದಾಗ ಎದ್ದು ಬರುವುದಕ್ಕೆ ನಿನ್ನ ಹತ್ತಿರ ಬೆಳಕೇ ಇರಲಿಲ್ಲ."

ಸಂಜೆಯೊಳಗೆ ಮಣ್ಣಿನ ರಾಶಿ ತೆಗೆದರು. ನೀರು ಸುರಂಗದ ಬಾಯಿಗೆ ಬಂತು. ಊರಿನ ಹೆಂಗಸರು ಕೊಡ ತಂದರು. ನೀರು ಕಂಡದ್ದು ಬಲಗವಲಿನವರಿಂದ ಎಂದು ಎಲ್ಲರೂ ಹೊಗಳಿದರು. ಎಡಗವಲಿನವರೂ ಹೊಗಳಿದರು. ಅವರ ಹೊಗಳಿಕೆಯಲ್ಲಿ ಕೊಂಕು ಇರಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯೆ ಕೇಳಿದಳು.

"ಮೇಸ್ತ್ರಿ ಆ ಮುಂದಾಳನ್ನು ತೆಗೆದುಹಾಕಿದನೆ ಸರ್?"

"ಇಲ್ಲ. ಅಂಥ ಕರುಣೆಯವನು ಇನ್ನೊಬ್ಬ ಸಿಗುವುದಿಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಮುಂದಿನ ಊರಿನಲ್ಲೂ ಬಲಗವಲನ್ನು ಅವನಿಗೇ ಕೊಟ್ಟ. ಎಣ್ಣೆಯನ್ನೂ ಮೊದಲಿನಷ್ಟೇ ಅಳೆದ. ಅವನು ಮೊದಲು ತನ್ನ ದೀಪಕ್ಕೆ ಹೊಯ್ದುಕೊಂಡ. ಹೊಯ್ದುಕೊಳ್ಳುವಾಗ ನಾಚಿಕೆಯಿಂದ ಆಳುಗಳ ಕಡೆಗೆ ಬೆನ್ನು ಮಾಡಿದ. ಆಳುಗಳು ಅವನ ಭುಜ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ನಮ್ಮೆದುರಿಗೇ ಹೊಯ್ದುಕೋ ಅಣ್ಣಾ, ನೋಡಿದರೆ ನಮಗೆ ಧೈರ್ಯ ಎಂದರು."

ಶಿಷ್ಯೆ ಮುಷ್ಟಿಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಹಾಗಾದರೆ ನನ್ನ ಮಗು ಕೆಟ್ಟಿಲ್ಲ. ಕೇಳಿ, ಕಾಯುತ್ತ ನಿಂತಿದೆ. ಅದರ ಕೂಗಿಗೆ ಉತ್ತರ ಕೊಡುವುದಕ್ಕೂ ತಾಯಿಗೆ ಒಂದಿಷ್ಟು ಮೆಮೊರಿ ಬೇಕು. ಅಲ್ಲವೆ ಸರ್?"

ಗುರುಗಳು ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

"ನಿನ್ನ ತಾಯಿ ಘಟಕ ತನಗೆಂದು ಮೆಮೊರಿ ಉಳಿಸಿಕೊಳ್ಳುವ ಕೋಡಿನ ಸಾಲು ಯಾವುದು, ತೋರಿಸು."